ಹೊಲದ ಬೆಳೆ ಬದಲಾಯ್ತು, ಮನೆಯ ಕಾಳಿನ ಗತಿ ಏನು? ವಿಜಯಪುರ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೆಚ್ಚಾಗಿ ವಿಜಯಪುರ ಜಿಲ್ಲೆಯ ಹಳ್ಳಿಗಳ ಮಾತಿದೆ. ಬಾಗಲಕೋಟೆ, ಬೆಳಗಾವಿ ಬೇಕಾದಲ್ಲಿ ಬರುತ್ತವೆ. ಈ ಪ್ರಶ್ನೆ ಕೇಳುವವರು ಎರಡು ಥರದವರು. ಊರು ಬಿಟ್ಟು ಪುಣೆ, ಬೆಂಗಳೂರು ಸೇರಿದ ಮಕ್ಕಳು ಒಂದು ಕಡೆ. ಈ ಸಲ ಏನು ಬಿತ್ತೋಣ ಅಂತ ಕಟ್ಟೆ ಮೇಲೆ ಲೆಕ್ಕ ಹಾಕುತ್ತಾ ಕೂತವರು ಇನ್ನೊಂದು ಕಡೆ. ಇಬ್ಬರನ್ನೂ ಮನಸ್ಸಿನಲ್ಲಿಟ್ಟು ಬರೆದಿದೆ. ಕೆಲವು ಉತ್ತರ ಉದ್ದ ಆಗಿವೆ, ಕೆಲವು ನಾಲ್ಕೇ ಸಾಲು.

ನಮ್ಮ ಅಜ್ಜನ ಕಾಲದಲ್ಲಿ ಹೊಲದಲ್ಲಿ ಏನೇನು ಬೆಳೀತಿದ್ರು?

ಎರಿ (ಕಪ್ಪು ಮಣ್ಣಿನ) ಹೊಲ ಇದ್ದವರಿಗೆ ಹಿಂಗಾರಿ ಜೋಳವೇ ದೊಡ್ಡ ಬೆಳೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತಿದರೆ ಫೆಬ್ರುವರಿ-ಮಾರ್ಚ್‌ಗೆ ರಾಶಿ. ಮಳೆಗಿಂತ ಹೆಚ್ಚಾಗಿ ಮಣ್ಣಿನಲ್ಲಿ ಉಳಿದ ಹಸಿಯ ಮೇಲೆ, ಚಳಿಯ ಮೇಲೆ ಬರುವ ಬೆಳೆ ಅದು. ಮಾಲ್ದಂಡಿ ಜೋಳದ ಹೆಸರು ಎಲ್ಲರಿಗೂ ಗೊತ್ತು. ಸೊಲ್ಲಾಪುರ ಹತ್ತಿರದ ಮೋಹೋಳದ ಕೇಂದ್ರದಲ್ಲಿ 1930ರ ದಶಕದಲ್ಲಿ ಅದರಿಂದ ಆರಿಸಿ ತೆಗೆದ ಎಂ 35-1 ತಳಿಯನ್ನು ಇವತ್ತಿಗೂ ನಮ್ಮ ಕಡೆ ಬಿತ್ತುತ್ತಾರೆ. ಸರ್ಕಾರದ ಎಷ್ಟೋ ತಳಿ ಬಂದು ಹೋದವು, ಇದು ಹೋಗಲಿಲ್ಲ. ರೊಟ್ಟಿಯ ರುಚಿ ಒಂದು ಕಾರಣ, ದನಕ್ಕೆ ಮೇವಾಗುವ ಉದ್ದ ಕಣಕಿ (ಜೋಳದ ದಂಟು) ಇನ್ನೊಂದು.

ಆದರೆ ಹೊಲದಲ್ಲಿ ಜೋಳ ಒಂದೇ ಇರುತ್ತಿರಲಿಲ್ಲ. ನಡುವೆ ಅಕ್ಕಡಿ, ಅಂದರೆ ಮಿಶ್ರ ಬೆಳೆಯ ಸಾಲು: ಕುಸುಬಿ, ಕಡ್ಲಿ, ಅಗಸಿ. ಅಂಚಿಗೆ ಮುಳ್ಳಿನ ಕುಸುಬಿ ಹಾಕಿದರೆ ದನ ಒಳಗೆ ನುಗ್ಗುತ್ತಿರಲಿಲ್ಲ, ಅದೇ ಬೇಲಿ. ಮುಂಗಾರಿಗೆ ಮಸಾರಿ (ಕೆಂಪು ಮಣ್ಣಿನ), ಮಡ್ಡಿ (ಕಲ್ಲು ನೆಲದ) ಹೊಲದಲ್ಲಿ ಸಜ್ಜಿ, ತೊಗರಿ, ಶೇಂಗಾ, ಹೆಸರು, ಮಡಕಿ, ಹುರಳಿ, ಗುರೆಳ್ಳು. ಬದುವಿನ ಮೇಲೆ ಪುಂಡಿ. ಈಗ ಇದನ್ನು ಅಡುಗೆಮನೆಯಿಂದ ನೋಡಿ. ಜೋಳ, ಸಜ್ಜಿ ರೊಟ್ಟಿಗೆ. ತೊಗರಿ, ಹೆಸರು ಬ್ಯಾಳಿಗೆ. ಕುಸುಬಿ ಗಾಣಕ್ಕೆ ಹೋಗಿ ಎಣ್ಣೆಯಾಗಿ ಬರುತ್ತಿತ್ತು, ಅದರ ಎಳೆ ಎಲೆ ಪಲ್ಯ ಆಗುತ್ತಿತ್ತು. ಕಡ್ಲಿ ಕುಡಿ ಚಿವುಟಿದರೆ ಗಿಡ ಚೆನ್ನಾಗಿ ಕವಲೊಡೆಯುತ್ತದೆ, ಮನೆಗೆ ಹುಳಿ ಪಲ್ಯವೂ ಆಯಿತು. ಗುರೆಳ್ಳು, ಅಗಸಿ, ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ. ಪುಂಡಿಯ ಎಲೆ ಪಲ್ಯಕ್ಕೆ, ನಾರು ಹಗ್ಗಕ್ಕೆ. ಪೇಟೆಯಿಂದ ಉಪ್ಪು, ಬೆಲ್ಲ, ಚಹಾಪುಡಿ ತಂದರೆ ಮುಗೀತು.

ಎಳ್ಳಮಾವಾಸ್ಯೆಗೆ ಹೊಲಕ್ಕೆ ನೈವೇದ್ಯವಾಗಿ ಚೆಲ್ಲುವ ಚರಗದ ಬುಟ್ಟಿ ನೆನಪಿದ್ದರೆ ಪಟ್ಟಿ ಬೇಕಾಗಿಲ್ಲ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಾಳಿನ ಪಲ್ಯ, ಶೇಂಗಾ ಹೋಳಿಗೆ, ಹಿಂಡಿ, ಇವೆಲ್ಲ ಒಂದು ಕಾಲಕ್ಕೆ ಅದೇ ಹೊಲದಿಂದ ಬಂದವು. ಈಗ ಚರಗ ಚೆಲ್ಲೋದು ತೊಗರಿ ಹೊಲದಲ್ಲಿ. ಬುಟ್ಟಿಯೊಳಗಿನ ಅರ್ಧ ಸಾಮಾನು ಕಿರಾಣಿ ಅಂಗಡಿಯದ್ದು.

ಹಾಗಾದ್ರೆ ಆಗ ಎಲ್ಲರಿಗೂ ಹೊಟ್ಟೆ ತುಂಬಾ ಸಿಗ್ತಿತ್ತಾ?

ಇಲ್ಲ. ಹಳೇ ಕಾಲವನ್ನು ಹೊಗಳುವವರು ಇದನ್ನು ಮರೆಯಬಾರದು.

ಇದು ಬರದ ಸೀಮೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಅದೂ ನಂಬುವ ಹಾಗಿಲ್ಲ. 1876-78ರ ಬರದಲ್ಲಿ ಈ ಸೀಮೆ ಬರಿದಾಯಿತು. ಆಗ ಜಿಲ್ಲೆಯ ಹೆಸರು ಕಲಾದಗಿ, ಮುಂಬೈ ಪ್ರಾಂತ್ಯದ ಕೆಳಗಿತ್ತು. ಜನ ಸತ್ತರು, ಉಳಿದವರಲ್ಲಿ ಎಷ್ಟೋ ಮಂದಿ ಊರು ಬಿಟ್ಟರು. 1972ರ ಬರವನ್ನು ಕಣ್ಣಾರೆ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ, ಕೇಳಿ ನೋಡಿ. "ಡೋಣಿ ಹರಿದರೆ ಓಣಿಯೆಲ್ಲ ಕಾಳು" ಅಂತ ಗಾದೆ ಇದೆ ಅಲ್ವಾ? ನಮ್ಮ ಡೋಣಿ ಹೊಳೆ ಹರಿಯದ ವರ್ಷದ ಮಾತು ಅದರಲ್ಲೇ ಅಡಗಿದೆ.

ಹಗೇವು ಇದ್ದದ್ದು ಹೊಲ ಇದ್ದವರ ಮನೆಯಲ್ಲಿ. ನೆಲದೊಳಗೆ ಗುಂಡಿ ತೋಡಿ, ಒಳಗೆ ಹೊಟ್ಟು-ಹುಲ್ಲು ಹಾಸಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗೆ ಗಾಳಿ ಆಡದ ಕಾರಣ ಹುಳ ಬೀಳುತ್ತಿರಲಿಲ್ಲ, ವರ್ಷಗಟ್ಟಲೆ ಕಾಳು ಉಳಿಯುತ್ತಿತ್ತು. ಹೊಲ ಇಲ್ಲದವರಿಗೆ ಬೇರೆ ದಾರಿ. ಬಡಿಗ, ಕಮ್ಮಾರ, ನಾವಿದರಿಗೆ ರಾಶಿಯಲ್ಲಿ ಆಯ, ಅಂದರೆ ಕೆಲಸಕ್ಕೆ ಬದಲಾಗಿ ಕಾಳಿನ ಪಾಲು. ಕೊಯ್ಲಿಗೆ ಬಂದ ಆಳಿಗೆ ತೆನೆ ಸಮೇತ ಸಿವುಡು, ಇಲ್ಲವೇ ಕಾಳಿನ ಕೂಲಿ. ಕೊಯ್ದ ಮೇಲೆ ಬಿದ್ದ ತೆನೆ ಆಯ್ದುಕೊಳ್ಳೋಕೆ ಬಡವರಿಗೆ ಬಿಡುತ್ತಿದ್ದರು, ಅದೇ ಹಕ್ಕಲು. ಇದರಲ್ಲಿ ಜಾತಿ ಇತ್ತು, ದರ್ಪ ಇತ್ತು, ಕೈಯೊಡ್ಡುವ ಸಂಕಟ ಇತ್ತು. ಆ ವ್ಯವಸ್ಥೆ ಹೋಗಿದ್ದಕ್ಕೆ ಅಳಬೇಕಾಗಿಲ್ಲ. ಆದರೆ ಕೂಲಿ ಕಾಳಿನಲ್ಲಿ ಸಿಗುತ್ತಿದ್ದಾಗ ಪೇಟೆಯಲ್ಲಿ ಜೋಳದ ರೇಟು ಏರಿದರೂ ಆಳಿನ ಮನೆಗೆ ಅಷ್ಟೇ ಸೇರು ಬರುತ್ತಿತ್ತು. ರೊಕ್ಕದ ಕೂಲಿಗೆ ಆ ಗುಣ ಇಲ್ಲ.

ಮತ್ತೆ ಜೋಳ ಬಿಟ್ಟಿದ್ದು ಯಾಕೆ?

ರೈತ ತಲೆ ಓಡಿಸಿಯೇ ಬಿಟ್ಟಿದ್ದಾನೆ. ಮೊದಲನೇ ಕಾರಣ ಆಳು. ಹಿಂಗಾರಿ ಜೋಳವನ್ನು ಕೈಯಿಂದ ಕಿತ್ತು ಇಲ್ಲವೇ ಕುಡುಗೋಲಿನಿಂದ ಕೊಯ್ದು, ತೆನೆ ಮುರಿದು, ಕಣಕಿ ಸಿವುಡು ಕಟ್ಟಿ, ಬಣವೆ ಒಟ್ಟಬೇಕು. ಬೆನ್ನು ಮುರಿಯುವ ಕೆಲಸ. ಆ ಹೊತ್ತಿಗೆ ಊರಿನ ಹರೆಯದವರು ಗೋವಾದಲ್ಲೋ ಪುಣೆಯಲ್ಲೋ ಇರುತ್ತಾರೆ. ದೊಡ್ಡ ಕಟಾವು ಮಷಿನ್ ತಂದರೆ ಕಾಳು ಬರುತ್ತದೆ, ಆದರೆ ಕಣಕಿ ಪುಡಿಯಾಗಿ ಹೋಗುತ್ತದೆ. ಮೇವೇ ಹೋದ ಮೇಲೆ ಜೋಳ ಹಾಕಿ ಏನು ಬಂತು?

ಎರಡನೇ ಕಾರಣ ರೇಟು. 2025-26ಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ನೋಡಿ. ಮಾಲ್ದಂಡಿ ಜೋಳಕ್ಕೆ ಕ್ವಿಂಟಲ್‌ಗೆ 3,749 ರೂಪಾಯಿ. ತೊಗರಿಗೆ 8,000. ಒಣ ಬೇಸಾಯದ ಹೊಲದಲ್ಲಿ ಎರಡರ ಇಳುವರಿಯಲ್ಲೂ ಅಂಥ ಭಾರೀ ವ್ಯತ್ಯಾಸ ಇಲ್ಲ. ಲೆಕ್ಕ ಗೊತ್ತಿದ್ದ ಯಾರೇ ಆದರೂ ತೊಗರಿ ಹಾಕುತ್ತಾರೆ.

ಮೂರನೆಯದು ನೀರು. ಆಲಮಟ್ಟಿ, ನಾರಾಯಣಪುರದ ಕಾಲುವೆ, ಮುಳವಾಡ ಮತ್ತು ಚಿಮ್ಮಲಗಿ ಏತ ನೀರಾವರಿ, ಕೆರೆ ತುಂಬಿಸುವ ಯೋಜನೆ, ಇವು ಬಂದಲ್ಲೆಲ್ಲ ಹೊಲದ ಲೆಕ್ಕವೇ ಬೇರೆ ಆಯಿತು. ನೀರು ಬಂದ ಹೊಲಕ್ಕೆ ಜೋಳ ಬಿತ್ತು ಅಂತ ಯಾರಿಗೆ ಹೇಳ್ತೀರಿ?

ನಾಲ್ಕನೇ ಕಾರಣವನ್ನು ಯಾರೂ ಹೇಳುವುದಿಲ್ಲ. ರೊಟ್ಟಿ ಬಡಿಯೋಕೆ ಹೆಣ್ಣುಮಕ್ಕಳಿಗೆ ಹೊತ್ತು ಬೇಕು. ಐದಾರು ಮಂದಿಯ ಮನೆಗೆ ಬೆಳಿಗ್ಗೆ ಒಂದು ತಾಸಿಗೆ ಕಮ್ಮಿ ಆಗುವುದಿಲ್ಲ, ಅದೂ ಒಲೆಯ ಮುಂದೆ. ಕೂಲಿಗೆ ಟಂಟಂ ಹತ್ತುವ ಹೆಣ್ಣುಮಗಳು ಕುಕ್ಕರ್‌ನಲ್ಲಿ ಅನ್ನ ಇಟ್ಟು ಹೋಗುತ್ತಾಳೆ. ರೊಟ್ಟಿ ಕಡಿಮೆ ಆಯಿತು ಅಂತ ಗೊಣಗುವ ಗಂಡಸರು ಒಂದು ವಾರ ಹಿಟ್ಟು ನಾದಿ ನೋಡಲಿ.

ಜಿಲ್ಲೆಯಲ್ಲಿ ಈಗ ಎಲ್ಲೆಲ್ಲಿ ಏನು ಜಾಸ್ತಿ?

ಚಿಕ್ಕದಾಗಿ ಹೇಳುವುದಾದರೆ: ಒಣ ಭೂಮಿಯಲ್ಲಿ ತೊಗರಿ. ತಿಕೋಟಾ ಕಡೆ ದ್ರಾಕ್ಷಿ, ಒಣದ್ರಾಕ್ಷಿ. ಇಂಡಿ ಕಡೆ ಲಿಂಬೆ, ಅದಕ್ಕೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಕಾಲುವೆ, ಹೊಳೆ ದಂಡೆಯಲ್ಲಿ ಕಬ್ಬು. ಪಕ್ಕದ ಬಾಗಲಕೋಟೆ, ಬೆಳಗಾವಿ ಜಿಲ್ಲೆಗೆ ಹೋದರೆ ಮುಧೋಳ, ಜಮಖಂಡಿ, ಗೋಕಾಕ, ರಾಯಬಾಗ, ಅಥಣಿ ಅಂದರೆ ಕಬ್ಬೇ ಕಬ್ಬು. ಬೈಲಹೊಂಗಲ ಕಡೆ ಸೋಯಾ. ಗೋವಿನಜೋಳ ಎಲ್ಲ ಕಡೆ ಹಬ್ಬಿದೆ. ಅದರ ಬೆಂಬಲ ಬೆಲೆ 2,400 ಇದ್ದರೂ 2025ರ ಕೊನೆಗೆ ಮಾರ್ಕೆಟ್‌ನಲ್ಲಿ ರೇಟು ಅದಕ್ಕಿಂತ ಎಷ್ಟೋ ಕೆಳಗೆ ಬಿತ್ತು.

ರೊಕ್ಕ ಕೈಗೆ ಬಂದ್ರೆ ಊಟ ತಾನಾಗೇ ಬರಲ್ವಾ? ಇದರಲ್ಲಿ ಚಿಂತೆ ಏನು?

ಬರುತ್ತದೆ, ಆದರೆ ಮೂರು ಶರತ್ತಿನ ಮೇಲೆ. ರೊಕ್ಕ ಸರಿಯಾದ ಹೊತ್ತಿಗೆ ಬರಬೇಕು. ಬಂದಾಗ ಕಾಳಿನ ರೇಟು ಕೈಗೆಟುಕುವ ಹಾಗಿರಬೇಕು. ಆ ರೊಕ್ಕ ಅಡುಗೆಮನೆವರೆಗೆ ಮುಟ್ಟಬೇಕು.

ಮೊದಲನೆಯದು ನೋಡೋಣ. ತೊಗರಿ ರೊಕ್ಕ ಜನವರಿ-ಫೆಬ್ರುವರಿಗೆ ಒಂದೇ ಗಂಟಾಗಿ ಬರುತ್ತದೆ. ಬೀಜ-ಗೊಬ್ಬರದ ಅಂಗಡಿ ಬಾಕಿ, ಸೊಸೈಟಿ ಸಾಲ, ಒಂದು ಲಗ್ನ, ಅಲ್ಲಿಗೆ ಯುಗಾದಿ ಹೊತ್ತಿಗೆ ಖಾಲಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮನೆ ನಡೆಯುವುದು ಉದ್ರಿಯಲ್ಲಿ. ಹಳ್ಳಿಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ತೆಗೆದು ನೋಡಿದರೆ ಯಾವ ತಿಂಗಳು ಯಾರ ಮನೆಯಲ್ಲಿ ಕಷ್ಟ ಅಂತ ತಿಳಿಯುತ್ತದೆ. ಸರ್ವೆ ಬೇಕಾಗಿಲ್ಲ.

ಎರಡನೆಯದು. ಹೊಲದಲ್ಲಿ ಜೋಳ ಕಡಿಮೆ ಆದಷ್ಟೂ ಪೇಟೆಯಲ್ಲಿ ಅದರ ರೇಟು ಜಾಸ್ತಿ. ಒಂದು ಕಾಲಕ್ಕೆ ಬಡವರ ಕಾಳು ಅನ್ನಿಸಿಕೊಂಡಿದ್ದು ಈಗ ಗೋದಿಗಿಂತ ದುಬಾರಿಗೆ ಸಿಗುವ ವರ್ಷಗಳಿವೆ. ಪಟ್ಟಣದಲ್ಲಿ ಸಕ್ಕರೆ ಕಾಯಿಲೆ ಇದ್ದವರು, ಖಾನಾವಳಿಗಳು, ರೊಟ್ಟಿ ಕೇಂದ್ರಗಳು ಎಲ್ಲ ಜೋಳ ಕೇಳುತ್ತವೆ. ಬೆಳೆಯೋದು ಬಿಟ್ಟ ಹಳ್ಳಿಯವನು ಅವರ ಜೊತೆ ಸಾಲಿನಲ್ಲಿ ನಿಂತು ಕೊಳ್ಳಬೇಕು.

ಮೂರನೆಯದು ಎಲ್ಲರ ಮನೆಯ ಗುಟ್ಟು. ಕಾಳಿನ ಚೀಲ ಮನೆಯಲ್ಲಿದ್ದರೆ ಅದು ಅವ್ವನ ಕೈಯಲ್ಲಿ ಇರುತ್ತದೆ. ರೊಕ್ಕ ಅಪ್ಪನ ಕಿಸೆಯಲ್ಲೋ ಅಕೌಂಟಲ್ಲೋ ಇರುತ್ತದೆ. ಜೋಳವನ್ನು ಹೊತ್ತುಕೊಂಡು ಹೋಗಿ ಕುಡಿದು ಬರೋದು ಕಷ್ಟ, ನೋಟು ಸಲೀಸು. ನನ್ನ ಮಟ್ಟಿಗೆ ಇಡೀ ಬದಲಾವಣೆಯಲ್ಲಿ ದೊಡ್ಡದು ಇದೇ. ಬೆಳೆ ಬದಲಾಯಿತು ಅಂತ ಎಲ್ಲರೂ ಮಾತಾಡುತ್ತಾರೆ, ಮನೆಯ ಕೀಲಿ ಯಾರ ಕೈಗೆ ಹೋಯಿತು ಅಂತ ಯಾರೂ ಕೇಳುವುದಿಲ್ಲ.

ಕಬ್ಬು ಹಾಕಿದವರು ಗೆದ್ದರಲ್ವಾ?

ಹೊಲ ಜಾಸ್ತಿ ಇದ್ದವರು, ನೀರು ಗಟ್ಟಿ ಇದ್ದವರು ಗೆದ್ದಿದ್ದಾರೆ. ಮಾಳಿಗೆ ಮನೆ, ಟ್ರ್ಯಾಕ್ಟರ್, ಮಕ್ಕಳ ಇಂಜಿನಿಯರಿಂಗ್ ಸೀಟು, ಎಲ್ಲ ಕಬ್ಬಿನಿಂದಲೇ ಆಗಿದೆ. ಅದನ್ನು ಅಲ್ಲಗಳೆಯೋಕೆ ಆಗದು.

ಎರಡೆಕರೆಯವನ ಕಥೆ ಬೇರೆ. ಎಕರೆಗೆ 40 ಟನ್ ಬಂತು ಅಂದುಕೊಳ್ಳಿ. ಟನ್‌ಗೆ 3,300 ಹಿಡಿದರೆ 1,32,000 ರೂಪಾಯಿ. ಕೇಳೋಕೆ ಚೆಂದ. ಬೀಜ, ಗೊಬ್ಬರ, ನೀರು, ಆಳು, ಬಡ್ಡಿ ಕಳೆಯಿರಿ. ಉಳಿದದ್ದನ್ನು ಹನ್ನೆರಡರಿಂದ ಹದಿನಾಲ್ಕು ತಿಂಗಳಿಗೆ ಹಂಚಿ. ಅಷ್ಟು ದಿನ ಆ ಹೊಲದಿಂದ ಒಂದು ಹಿಡಿ ಪಲ್ಯವೂ ಬರುವುದಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ರೊಕ್ಕ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ. ಕಾಗದದಲ್ಲಿ ಇದೆ. ಬಡ್ಡಿ ಸಮೇತ ಎಣಿಸಿಕೊಂಡವರನ್ನು ಹುಡುಕಬೇಕು.

2025-26ರ ಹಂಗಾಮಿಗೆ ಕೇಂದ್ರ ಕಬ್ಬಿಗೆ ನಿಗದಿ ಮಾಡಿದ ಕನಿಷ್ಠ ಬೆಲೆ (ಎಫ್‌ಆರ್‌ಪಿ) ಕ್ವಿಂಟಲ್‌ಗೆ 355 ರೂಪಾಯಿ, ಅದೂ ಶೇ. 10.25ರ ಸಕ್ಕರೆ ಇಳುವರಿಗೆ. ಸಾಗಣೆ-ಕಟಾವಿನ ಖರ್ಚು ಕಳೆದ ಮೇಲೆ ಕೈಗೆ ಬರೋದು ಬೇರೆ ಲೆಕ್ಕ. ಅದಕ್ಕೇ 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್‌ಗೆ 3,500 ಕೇಳಿ ರಸ್ತೆಗೆ ಕೂತರು. ಕೊನೆಗೆ 3,300ಕ್ಕೆ ಮಾತು ಮುಗಿಯಿತು.

ಇನ್ನೊಂದು ಮಾತು ಸವಳು-ಜವಳಿನದು. ವರ್ಷಾನುಗಟ್ಟಲೆ ನೀರು ಬಿಟ್ಟು ಬಿಟ್ಟು ಕೃಷ್ಣಾ, ಘಟಪ್ರಭಾ ದಂಡೆಯ ಎಷ್ಟೋ ಹೊಲಗಳಲ್ಲಿ ಉಪ್ಪು ಮೇಲೆ ಬಂದು ಬಿಳಿ ಬಿಳಿ ಕೂತಿದೆ. ಎರಿ ಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ, ಅದೇ ಕಾರಣ. ಅಂಥ ಹೊಲಕ್ಕೆ ಈಗ ಜೋಳವೂ ಬಾರದು. ಬಸಿಗಾಲುವೆ ತೆಗೆಯದೆ ಬೇರೆ ದಾರಿ ಇಲ್ಲ, ಅದು ಒಬ್ಬನ ಹೊಲದಲ್ಲಿ ಆಗುವ ಕೆಲಸವೂ ಅಲ್ಲ.

ದ್ರಾಕ್ಷಿ, ದಾಳಿಂಬೆ, ಲಿಂಬೆ ಹಾಕೋದು ಜಾಣತನವಾ?

ಕೈಯಲ್ಲಿ ಬಂಡವಾಳ, ಮನೆಯಲ್ಲಿ ಬೇರೆ ಆದಾಯ ಇದ್ದವರಿಗೆ ಹೌದು. ದ್ರಾಕ್ಷಿಗೆ ಕಂಬ-ತಂತಿ ಹಾಕಿ, ಔಷಧ ಹೊಡೆದು, ಚಾಟಣಿ ಮಾಡಿ (ಬಳ್ಳಿ ಸವರಿ) ಕಾದು ಕೂತಾಗ ಒಂದು ಅಕಾಲದ ಮಳೆ ಸಾಕು, ವರ್ಷದ ದುಡಿಮೆ ಹೋಯಿತು. ದಾಳಿಂಬೆಗೆ ದುಂಡಾಣು ಅಂಗಮಾರಿ ಬಂದು ಗಿಡ ಕಿತ್ತು ಹಾಕಿದವರು ಬಾಗಲಕೋಟೆ ಕಡೆ ಬೇಕಾದಷ್ಟು ಮಂದಿ ಸಿಗುತ್ತಾರೆ. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, ಹಾಕುವ ಮುಂಚೆ ಅಲ್ಲಿ ಹೋಗಿ ಕೇಳಿ. ಲಿಂಬೆ ಅಷ್ಟು ಗಾಬರಿ ಕೊಡುವ ಬೆಳೆ ಅಲ್ಲ. ಬೇಸಿಗೆಯಲ್ಲಿ ರೇಟು, ಮಳೆಗಾಲದಲ್ಲಿ ಕೇಳುವವರಿಲ್ಲ, ಅಷ್ಟೇ.

ಇದ್ದ ಹೊಲವನ್ನೆಲ್ಲ ತೋಟ ಮಾಡಬೇಡಿ ಅನ್ನೋದು ನನ್ನ ಅಭಿಪ್ರಾಯ.

ಮನೆಗೆ ವರ್ಷಕ್ಕೆ ಎಷ್ಟು ಜೋಳ ಬೇಕು? ಅದಕ್ಕೆ ಎಷ್ಟು ಹೊಲ ಬೇಕು?

ಐದು ಮಂದಿಯ ಮನೆ ಹಿಡಿಯಿರಿ. ಎರಡೂ ಹೊತ್ತು ರೊಟ್ಟಿ ಉಣ್ಣುವವರಾದರೆ ದಿನಕ್ಕೆ ಒಂದೂವರೆ ಕಿಲೋ ಹಿಟ್ಟು ಬೇಕು. ವರ್ಷಕ್ಕೆ ಐದೂವರೆ ಕ್ವಿಂಟಲ್ ಆಗುತ್ತದೆ. ಈಗ ಒಂದು ಹೊತ್ತು ಅನ್ನ ನಡೆಯುವ ಮನೆಯೇ ಜಾಸ್ತಿ. ಹಾಗಾದರೆ ಮೂರು ಕ್ವಿಂಟಲ್ ಸಾಕು, ಬೀಗರು-ಜಾತ್ರೆ ಅಂತ ಅರ್ಧ ಕ್ವಿಂಟಲ್ ಮೇಲೆ ಇಡಿ.

ಒಳ್ಳೆ ಎರಿ ಹೊಲದಲ್ಲಿ, ತಕ್ಕ ಮಟ್ಟಿನ ಮಳೆಯಾದ ವರ್ಷ, ಎಕರೆಗೆ ನಾಲ್ಕರಿಂದ ಆರು ಕ್ವಿಂಟಲ್ ಹಿಂಗಾರಿ ಜೋಳ ಬರುತ್ತದೆ. ಕೆಟ್ಟ ವರ್ಷ ಎರಡು. ಅಂದರೆ ಹೊಟ್ಟೆಗೆ ಅಂತ ಒಂದು ಎಕರೆ ಬಿಟ್ಟರೆ ಒಳ್ಳೆ ವರ್ಷದಲ್ಲಿ ಮನೆ ನಡೆದು ಸ್ವಲ್ಪ ಉಳಿಯುತ್ತದೆ, ಕೆಟ್ಟ ವರ್ಷದಲ್ಲಿ ಅರ್ಧ ವರ್ಷ ದಾಟುತ್ತದೆ. ಉಳಿದ ಹೊಲಕ್ಕೆ ತೊಗರಿಯೋ ಕಬ್ಬೋ ಹಾಕಿಕೊಳ್ಳಿ. ಒಂದು ಎಕರೆಯಲ್ಲಿ ತೊಗರಿ ಬಿಟ್ಟಿದ್ದಕ್ಕೆ ಕೈ ಬಿಡುವ ರೊಕ್ಕ ಎಷ್ಟು ಅಂತ ಲೆಕ್ಕ ಹಾಕುವಾಗ ಕಣಕಿಯ ರೇಟನ್ನೂ ಕೂಡಿಸಿ. ಬರದ ಬೇಸಿಗೆಯಲ್ಲಿ ಕಾಳಿಗಿಂತ ಕಣಕಿಗೇ ಗಿರಾಕಿ ಜಾಸ್ತಿ.

ಮುಂಗಾರಿ ಮಳೆ ಬೇಗ ಬಿದ್ದರೆ ಅದೇ ಹೊಲದಲ್ಲಿ ಮೊದಲು ಹೆಸರು ಹಾಕಬಹುದು. 65-70 ದಿನದಲ್ಲಿ ಬರುತ್ತದೆ, ಆಮೇಲೆ ಜೋಳ ಬಿತ್ತೋಕೆ ಹೊಲ ಖಾಲಿ. ಹೆಸರಿನ ಬೇರಿನ ಗಂಟು ಮಣ್ಣಿಗೆ ಸಾರಜನಕ ಕೊಡುತ್ತದೆ. ನಾಲ್ಕು ಸಾಲು ಕುಸುಬಿ, ಒಂದು ಪಟ್ಟಿ ಕಡ್ಲಿ ಹಾಕಿದರೆ ಫೆಬ್ರುವರಿಯಲ್ಲಿ ಸೀತನಿ (ಸುಟ್ಟ ಹಸಿ ಜೋಳದ ತೆನೆಯ ಕಾಳು) ತಿನ್ನೋಕೆ ಬೆಂಗಳೂರಿನ ಮೊಮ್ಮಕ್ಕಳೂ ಬರುತ್ತಾರೆ.

ತೊಗರಿ ನಾವೇ ಬೆಳೆದು ಬ್ಯಾಳಿ ಅಂಗಡಿಯಿಂದ ತರ್ತೀವಿ. ಇದು ಸರಿನಾ?

ಸರಿ ಅಲ್ಲ. ನೂರು ಕಿಲೋ ತೊಗರಿ ಒಡೆಸಿದರೆ 70 ಕಿಲೋ ಆಸುಪಾಸು ಬ್ಯಾಳಿ ಬರುತ್ತದೆ. ಬೆಂಬಲ ಬೆಲೆ 8,000ವನ್ನೇ ಹಿಡಿದರೂ ಮನೆ ಬ್ಯಾಳಿ ಕಿಲೋಗೆ 115ರ ಹತ್ತಿರ ಬೀಳುತ್ತದೆ, ಗಿರಣಿ ಖರ್ಚು ಬೇರೆ. ಮೇಲೆ ನುಚ್ಚು, ಹೊಟ್ಟು ಎಮ್ಮೆಗೆ. ಅಂಗಡಿಯಲ್ಲಿ ರೇಟು ಇಳಿದ ವರ್ಷ ಇದರಿಂದ ಲಾಭ ಇರಲಿಕ್ಕಿಲ್ಲ. ಏರಿದ ವರ್ಷ, ಅಂದರೆ ಬೇಕಾದ ವರ್ಷ, ಬ್ಯಾಳಿ ಮನೆಯಲ್ಲೇ ಇರುತ್ತದೆ. ವರ್ಷಕ್ಕೆ ಬೇಕಾಗುವ 40-50 ಕಿಲೋ ಬ್ಯಾಳಿಗೆ ಒಂದು ಚೀಲ ತೊಗರಿ ಮಾರದೆ ಇಟ್ಟರೆ ಆಯಿತು. ಮಾರುವ ಲಾರಿ ಬಾಗಿಲಿಗೆ ಬರುವ ಮುಂಚೆ ಇಡಬೇಕು, ಬಂದ ಮೇಲೆ ಮನಸ್ಸು ತಡೆಯುವುದಿಲ್ಲ.

ರೇಷನ್ ಅಕ್ಕಿ ಜನರನ್ನು ಸೋಮಾರಿ ಮಾಡಿದೆ ಅಂತಾರೆ. ನಿಜವಾ?

ಹೊಟ್ಟೆ ತುಂಬಿದವರ ಮಾತು ಅದು. 2013ರಲ್ಲಿ ಅನ್ನಭಾಗ್ಯ ಶುರುವಾದ ಮೇಲೆ ಆಳಿನ ಮನೆಯ ಒಲೆ ಉರಿಯೋದು ಗೌಡರ ಮರ್ಜಿಯ ಮೇಲೆ ನಿಂತಿಲ್ಲ. "ನಾಳೆ ಬರಲ್ಲ" ಅಂತ ಹೇಳುವ ಧೈರ್ಯ ಬಂದಿದೆ. ಕೂಲಿ ಏರಿದ್ದಕ್ಕೆ ಅದೂ ಒಂದು ಕಾರಣ. ಕೆಲವರಿಗೆ ಸಿಟ್ಟು ಬರೋದು ಇದಕ್ಕೇ.

2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕಾರ್ಡಿಗೆ ತಲೆಗೆ 5 ಕಿಲೋ, ಅಂತ್ಯೋದಯ ಕಾರ್ಡಿಗೆ ಮನೆಗೆ 35 ಕಿಲೋ. ರಾಜ್ಯ ಸರ್ಕಾರ ಅದರ ಮೇಲೆ ಕೊಡುವ 5 ಕಿಲೋದ ಬದಲು 2023ರ ಜುಲೈನಿಂದ ತಲೆಗೆ 170 ರೂಪಾಯಿ ಹಾಕುತ್ತಿತ್ತು, 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿ. ಆಮೇಲೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಆ ಹೆಚ್ಚುವರಿ ಅಕ್ಕಿಯ ಬದಲು ತೊಗರಿ ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡೋಕೆ ಸಂಪುಟ ತೀರ್ಮಾನಿಸಿತು. ಬ್ಯಾಳಿ ಕೊಡುವ ವಿಚಾರ ಒಳ್ಳೆಯದು. ಬರೀ ಅಕ್ಕಿ ಕೊಟ್ಟರೆ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ.

ಅಕ್ಕಿ ಮಾರಿಕೊಳ್ಳುವವರು ಇದ್ದಾರಾ? ಇದ್ದಾರೆ. ಓಣಿ ಓಣಿಗೆ ಗಾಡಿ ತಂದು ಕೊಳ್ಳುವವರೂ ಇದ್ದಾರೆ. ಅದು ತಪ್ಪು. ಆದರೆ ಆ ರೊಕ್ಕದಲ್ಲಿ ಎಷ್ಟೋ ಮನೆಯವರು ಜೋಳವನ್ನೇ ಕೊಳ್ಳುತ್ತಾರೆ ಅನ್ನೋದು ಯೋಚಿಸಬೇಕಾದ ಸಂಗತಿ. ನಮ್ಮ ಕಡೆ ಆಗಾಗ ರೇಷನ್‌ನಲ್ಲಿ ಜೋಳವೂ ಬರುತ್ತದೆ. ಅದು ಆಗಾಗ ಬರದೆ ತಿಂಗಳು ತಿಂಗಳು ಬಂದರೆ, ಅದೂ ನಮ್ಮದೇ ರೈತರಿಂದ ಬೆಂಬಲ ಬೆಲೆಗೆ ಕೊಂಡ ಹೊಸ ಜೋಳ ಆದರೆ, ಬಿತ್ತುವವನಿಗೂ ಉಣ್ಣುವವನಿಗೂ ಒಳ್ಳೆಯದು.

ದುಡಿಯೋಕೆ ಗೋವಾಕ್ಕೆ ಹೋದವರಿಗೆ ಅಲ್ಲಿ ರೇಷನ್ ಸಿಗುತ್ತಾ?

ಸಿಗುತ್ತದೆ. ಒಂದು ದೇಶ ಒಂದು ಕಾರ್ಡ್ ವ್ಯವಸ್ಥೆಯಲ್ಲಿ ಗೋವಾ, ಮಹಾರಾಷ್ಟ್ರದ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿ ಕೇಂದ್ರದ ಪಾಲು ತೆಗೆದುಕೊಳ್ಳಬಹುದು. ರಾಜ್ಯ ಮೇಲೆ ಕೊಡುವುದು ಅಲ್ಲಿ ಸಿಗದು. ಮನೆಯವರು ಅರ್ಧ ಇಲ್ಲಿ, ಅರ್ಧ ಅಲ್ಲಿ ಇದ್ದರೆ ಪಾಲು ಮಾಡಿ ತೆಗೆದುಕೊಳ್ಳೋಕೂ ಬರುತ್ತದೆ. ಹೋಗುವ ಮುಂಚೆ ಎಲ್ಲರ ಇ-ಕೆವೈಸಿ ಮಾಡಿಸಿ, ಇಲ್ಲದಿದ್ದರೆ ಹೆಸರು ಕೈಬಿಡುತ್ತಾರೆ.

ಹೊಲ ಇಲ್ಲದವರ ಗತಿ ಏನು? ತಾಂಡಾದವರು ಯಾಕೆ ವರ್ಷಾ ಗುಳೆ ಹೋಗ್ತಾರೆ?

ಊರಲ್ಲಿ ವರ್ಷದ ದುಡಿಮೆ ಇಲ್ಲ, ಅದಕ್ಕೆ. ತೊಗರಿಗೆ ಆಳು ಬೇಕಾಗುವುದು ಕೆಲವೇ ವಾರ. ಬಿತ್ತೋದು ಟ್ರ್ಯಾಕ್ಟರ್, ಕಸಕ್ಕೆ ಔಷಧ, ರಾಶಿಗೆ ಮಷಿನ್. ದೀಪಾವಳಿ ಮುಗಿಯುತ್ತಿದ್ದಂತೆ ಕಬ್ಬು ಕಡಿಯುವ ಗ್ಯಾಂಗ್‌ಗಳು ಹೊರಡುತ್ತವೆ. ಮುಕಾದಮನ (ಗ್ಯಾಂಗ್ ಮೇಸ್ತ್ರಿಯ) ಕೈಯಿಂದ ಮೊದಲೇ ಅಡ್ವಾನ್ಸ್ ತೆಗೆದುಕೊಂಡಿರುತ್ತಾರೆ, ಗಂಡ-ಹೆಂಡತಿ ಸೇರಿ ಒಂದು ಜೋಡಿ ಲೆಕ್ಕ. ಅಡ್ವಾನ್ಸ್ ತೀರದಿದ್ದರೆ ಮುಂದಿನ ವರ್ಷವೂ ಅದೇ ಗ್ಯಾಂಗ್. ಮಕ್ಕಳು ಜೊತೆಗೆ ಹೋದರೆ ಶಾಲೆ ಹೋಯಿತು, ಊರಲ್ಲಿ ಬಿಟ್ಟರೆ ಆಯಿಯ ಮೇಲೆ ಭಾರ. ದುಡಿಯೋಕೆ ಹೋದ ಮಗ ಕಳಿಸುವ ರೊಕ್ಕದಲ್ಲಿ ಆಯಿ ಔಷಧ ತರಬೇಕೋ ಕಾಳು ತರಬೇಕೋ ಅಂತ ನೋಡುತ್ತಾ ಕೂರುತ್ತಾಳೆ.

ಉದ್ಯೋಗ ಖಾತ್ರಿ ಇತ್ತಲ್ಲ ಅಂತೀರಿ. 2025-26ಕ್ಕೆ ಕರ್ನಾಟಕದಲ್ಲಿ ದಿನದ ಕೂಲಿ 370 ರೂಪಾಯಿ, ಮನೆಗೆ 100 ದಿನ ಇತ್ತು. ಕೆಲಸ ಕೊಟ್ಟ ಪಂಚಾಯಿತಿಗಳಲ್ಲಿ ಬದು, ಕೃಷಿ ಹೊಂಡ, ಕೆರೆ ಹೂಳು ಅಂತ ಒಳ್ಳೆ ಕೆಲಸ ಆಗಿವೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದರ ಬದಲು ಹೊಸ ಕಾಯ್ದೆ ಪಾಸು ಮಾಡಿತು. ಅದರಲ್ಲಿ 125 ದಿನ ಅಂತಿದೆ. ಬಿತ್ತನೆ-ಕೊಯ್ಲಿನ ಹೊತ್ತಿಗೆ ವರ್ಷದಲ್ಲಿ 60 ದಿನದವರೆಗೆ ಕೆಲಸ ನಿಲ್ಲಿಸಬಹುದು ಅಂತಲೂ ಇದೆ, ಖರ್ಚಿನಲ್ಲಿ ರಾಜ್ಯಕ್ಕೆ ಶೇ. 40ರ ಭಾರ ಬೀಳುತ್ತದೆ. ನಮ್ಮ ಕಡೆ ಬೇಸಿಗೆಯ ಮೂರು ತಿಂಗಳು ಕೆಲಸ ಸಿಕ್ಕರೆ ಗುಳೆ ಅರ್ಧ ನಿಲ್ಲುತ್ತದೆ. ಕಾಯ್ದೆಯ ಹೆಸರು ಏನೇ ಇರಲಿ, ನೋಡಬೇಕಾದ್ದು ಅದನ್ನೇ.

ಗೃಹಲಕ್ಷ್ಮಿ ರೊಕ್ಕ ಊಟಕ್ಕೆ ಹೋಗುತ್ತಾ?

2023ರ ಆಗಸ್ಟ್‌ನಿಂದ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000. ಬಂದ ತಿಂಗಳು ಎಣ್ಣೆ, ಬ್ಯಾಳಿ, ಗ್ಯಾಸ್, ಮಕ್ಕಳ ಪುಸ್ತಕ. ಕೆಲವರು ಸಂಘದ ಕಂತು ಕಟ್ಟುತ್ತಾರೆ, ಕೆಲವರು ಕೂಡಿಟ್ಟು ಆಡು-ಎಮ್ಮೆ ತಂದಿದ್ದಾರೆ. ಮೇಲೆ ಹೇಳಿದ ಕೀಲಿಯ ಮಾತಿಗೆ ಇದು ಸ್ವಲ್ಪ ಉತ್ತರ. ಕಂತು ಎರಡು ಮೂರು ತಿಂಗಳು ತಡವಾದಾಗ ಮಾತ್ರ ಅದೇ ಉದ್ರಿ ಪುಸ್ತಕಕ್ಕೆ ವಾಪಸ್.

ಮುಳುಗಡೆ ಪರಿಹಾರ ಬಂದ್ರೆ ಏನು ಮಾಡಬೇಕು?

ಆಲಮಟ್ಟಿ ಅಣೆಕಟ್ಟೆಯ ಎತ್ತರ 519.60 ಮೀಟರ್‌ನಿಂದ 524.256ಕ್ಕೆ ಏರಿಸಿದರೆ ಇನ್ನೂ 75 ಸಾವಿರ ಎಕರೆ ಆಸುಪಾಸು ಮುಳುಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ಅಂತ ತೀರ್ಮಾನಿಸಿತು. ಹಿಂದಿನ ಸಲ ಕೊಟ್ಟಿದ್ದಕ್ಕೆ ಹೋಲಿಸಿದರೆ ದೊಡ್ಡ ಮೊತ್ತ.

ಹಿಂದಿನ ಸಲ ಏನಾಯಿತು ಅಂತ ಬಾಗಲಕೋಟೆ, ಬೀಳಗಿ ಕಡೆಯ ಪುನರ್ವಸತಿ ಕೇಂದ್ರಗಳಲ್ಲಿ ಕೇಳಿ. ಮನೆ ಕಟ್ಟಿದರು, ಗಾಡಿ ಕೊಂಡರು, ಲಗ್ನ ಮಾಡಿದರು. ಹೊಳೆದಂಡೆಯ ಫಲವತ್ತಾದ ಹೊಲ ಹೋಯಿತು, ದನ ಕಟ್ಟೋಕೆ ಜಾಗ ಇಲ್ಲ, ಕಣ ಇಲ್ಲ, ಹಿತ್ತಲಿಲ್ಲ. ಹೊಲದ ಯಜಮಾನ ಕೂಲಿಗೆ ಹೋದ ಮನೆಗಳಿವೆ. ಹಾಗಾಗಿ ರೊಕ್ಕ ಬಂದರೆ ಮೊದಲು ಒಂದೆರಡು ಎಕರೆಯಾದರೂ ಹೊಲ ಕೊಳ್ಳಿ. ಎಲ್ಲರಿಗೂ ಒಂದೇ ಸಲ ರೊಕ್ಕ ಬಂದಾಗ ಸುತ್ತಲಿನ ಹೊಲದ ರೇಟು ಗಗನಕ್ಕೆ ಏರುತ್ತದೆ, ಸ್ವಲ್ಪ ದೂರ ಹೋಗಿ ಹುಡುಕಬೇಕಾದೀತು. ಹೆಂಡತಿಯ ಹೆಸರನ್ನೂ ಕಾಗದಕ್ಕೆ ಹಾಕಿಸಿ.

ಮಕ್ಕಳು, ಬಸುರಿಯರಿಗೆ ಊಟ ಸರಿ ಸಿಗ್ತಿದೆಯಾ?

ಹೊಟ್ಟೆ ತುಂಬುತ್ತಿದೆ, ರಕ್ತ ತುಂಬುತ್ತಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019-21) ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. 15ರಿಂದ 49ರ ಹೆಣ್ಣುಮಕ್ಕಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ. ಇದು ರಾಜ್ಯದ ಲೆಕ್ಕ. ನಮ್ಮ ಕಡೆ ಪರಿಸ್ಥಿತಿ ಎಷ್ಟು ಗಂಭೀರ ಅನ್ನೋದಕ್ಕೆ ಇಷ್ಟು ಸಾಕು: 2021ರ ಡಿಸೆಂಬರ್‌ನಲ್ಲಿ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಜೊತೆ ವಿಜಯಪುರವನ್ನೂ ಸೇರಿಸಿದರು. ಆಗ ಮೊಟ್ಟೆ ಬೇಡ ಅಂತ ಗಲಾಟೆ ಮಾಡಿದವರು ಬಹಳ ಮಂದಿ. ಮಕ್ಕಳು ಗಲಾಟೆ ಮಾಡಲಿಲ್ಲ, ತಿಂದರು.

ಮನೆಯಲ್ಲಿ ಮಾಡಬೇಕಾದ್ದು ದೊಡ್ಡದೇನಲ್ಲ. ದಿನಾ ಒಂದು ಮುಷ್ಟಿ ಕಾಳು, ಒಂದು ಸೊಪ್ಪು, ಜೊತೆಗೆ ಲಿಂಬೆ ಹುಳಿ. ಸೊಪ್ಪು-ಕಾಳಿನ ಕಬ್ಬಿಣಾಂಶ ಮೈಗೆ ಸೇರೋಕೆ ಹುಳಿ ಸಹಾಯ ಮಾಡುತ್ತದೆ. ಊಟದ ಜೊತೆಗೇ ಚಹಾ ಕುಡಿಯೋದು ಬಿಡಬೇಕು. ಇನ್ನೊಂದು, ಸೊಸೆ ಕೊನೆಗೆ ಉಣ್ಣೋ ಪದ್ಧತಿ. ಪಾತ್ರೆಯಲ್ಲಿ ಉಳಿದಷ್ಟೇ ಅವಳ ಪಾಲು ಅನ್ನೋದಾದರೆ ಯಾವ ಮಾತ್ರೆ ಕೊಟ್ಟರೂ ರಕ್ತ ಏರುವುದಿಲ್ಲ.

ಎಮ್ಮೆ ಸಾಕೋದು ಈಗ ಲಾಭವಾ?

ಮನೆಯ ಮೇವು ಇದ್ದರೆ ಲಾಭ, ಕೊಂಡರೆ ಬರೀ ಸಗಣಿ. ಅದಕ್ಕೇ ಆ ಒಂದು ಎಕರೆ ಜೋಳದ ಮಾತು ಮತ್ತೆ ಮತ್ತೆ ಬರೋದು. ಡೈರಿಗೆ ಹಾಲು ಹಾಕುವವರಿಗೆ ಸರ್ಕಾರ ಲೀಟರ್‌ಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ವಾರ-ಹದಿನೈದು ದಿನಕ್ಕೊಮ್ಮೆ ರೊಕ್ಕ ಬರೋದು ಹಾಲಿನಲ್ಲಿ ಮಾತ್ರ, ಕಿರಾಣಿಗೆ ಅದು ಸರಿಹೊಂದುತ್ತದೆ. ಆದರೆ ಪೂರ್ತಿ ಹಾಲು ಡೈರಿಗೆ ಹಾಕಿ ಮಕ್ಕಳಿಗೆ ಚಹಾ ಕೊಡಬೇಡಿ. ಒಂದು ತಂಬಿಗೆ ತೆಗೆದಿಟ್ಟು ಆಮೇಲೆ ಕ್ಯಾನ್ ಹೊರಗೆ ಕಳಿಸಿ.

ಬೆಳೆ ವಿಮೆ ಕಟ್ಟಬೇಕಾ?

ಕಟ್ಟಿ. ವಿಮಾ ಮೊತ್ತದ ಮೇಲೆ ಮುಂಗಾರಿಗೆ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟದ ಬೆಳೆಗೆ ಶೇ. 5 ಮಾತ್ರ ನಿಮ್ಮ ಪಾಲು. ಫ್ರೂಟ್ಸ್‌ನ (ಸರ್ಕಾರದ ರೈತರ ನೋಂದಣಿ ವ್ಯವಸ್ಥೆಯ) ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ ಮಾಡಿಸಿಕೊಳ್ಳಿ. ಆ್ಯಪ್‌ನ ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲದಲ್ಲಿ ಯಾವ ಬೆಳೆ ಅಂತ ದಾಖಲಾಗಿದೆ ನೋಡಿಕೊಳ್ಳಿ. ತೊಗರಿಗೆ ಕಟ್ಟಿ, ಸಮೀಕ್ಷೆಯಲ್ಲಿ ಹತ್ತಿ ಅಂತ ಬಂದರೆ ರೊಕ್ಕ ಬಾರದು. ಲಾವಣಿಗೆ (ಗುತ್ತಿಗೆಗೆ) ಹೊಲ ಮಾಡುವವರಿಗೆ ಕಷ್ಟ, ಕಾಗದ ಮಾಲೀಕನ ಹೆಸರಿನಲ್ಲಿ ಇರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದಾಗಲೂ ಪರಿಹಾರ ಹೋಗಿದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಲಾವಣಿ ಮಾತಾಡುವಾಗಲೇ ಪರಿಹಾರ ಬಂದರೆ ಯಾರಿಗೆ ಎಷ್ಟು ಅಂತ ನಾಲ್ಕು ಮಂದಿ ಎದುರು ಹೇಳಿಕೊಳ್ಳಿ.

ನೌಕರಿ ಬಿಟ್ಟು ಊರಿಗೆ ಬಂದು ಒಕ್ಕಲುತನ ಮಾಡ್ಬೇಕು ಅಂತಿದೀನಿ. ಬರಲಾ?

ಅಪ್ಪ-ಅವ್ವನನ್ನು ಕೇಳಿದ್ದೀರಾ? ಮೊದಲು ಕೇಳಿ. ಬಹಳ ಮಂದಿ "ಬ್ಯಾಡಪ್ಪ, ಅಲ್ಲೇ ಇರು" ಅನ್ನುತ್ತಾರೆ, ಅವರಿಗೆ ಕಾರಣ ಗೊತ್ತು. ಬರುವುದೇ ಆದರೆ ಎರಡು ಹಂಗಾಮಿಗೆ ಆಗುವಷ್ಟು ಮನೆ ಖರ್ಚಿನ ರೊಕ್ಕ ಪಕ್ಕಕ್ಕೆ ಇಟ್ಟು ಬನ್ನಿ, ಅದನ್ನು ಹೊಲಕ್ಕೆ ಸುರಿಯಬೇಡಿ. ಮೊದಲನೇ ವರ್ಷ ಬೋರು, ಡ್ರಿಪ್, ತೋಟ ಅಂತ ಹೋಗಬೇಡಿ. ಹಿಟ್ಟಿನಹಳ್ಳಿಯಲ್ಲಿ ಕೃಷಿ ಕಾಲೇಜು, ಸಂಶೋಧನಾ ಕೇಂದ್ರ ಎರಡೂ ಇವೆ. ಹೊಲದ ಮಣ್ಣು ಒಯ್ದು ಪರೀಕ್ಷೆ ಮಾಡಿಸಿ, ಹಿಂಗಾರಿ ಜೋಳದ ಬೀಜ ಆಗಸ್ಟ್‌ನಲ್ಲೇ ವಿಚಾರಿಸಿ ಇಡಿ, ಸೆಪ್ಟೆಂಬರ್‌ಗೆ ಹೋದರೆ ಮುಗಿದಿರುತ್ತದೆ.